ಪುಸ್ತಕ ಕೇಳಿದವರಿಗೆ: ಪ್ರೇಮಕಾದಂಬರಿ ಮತ್ತು ಹದಿಹರೆಯದ ಓದು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು. ಪ್ರೇಮಕಾದಂಬರಿಗಳಲ್ಲಿ ಮತ್ತು ಹದಿಹರೆಯದವರಿಗೆ ಒಪ್ಪುವ ಕಾದಂಬರಿಗಳಲ್ಲಿ ಯಾವುದನ್ನು ಓದಬಹುದು, ಯಾವುದನ್ನು ಮಕ್ಕಳ ಕೈಗೆ ಕೊಡಬಹುದು ಎಂದು ತಾಯಂದಿರೂ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೇಳಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಇಲ್ಲಿ ಶಿಫಾರಸು ಮಾಡಿರುವ ಕಾದಂಬರಿಗಳಲ್ಲಿ ಹೆಚ್ಚಿನವು ನಾನು ಈಚೆಗೆ ಓದಿದವು ಅಥವಾ ಈ ಪತ್ರಗಳ ನೆಪದಲ್ಲಿ ಮತ್ತೆ ಕೈಗೆತ್ತಿಕೊಂಡವು.

ಪ್ರಶ್ನೆ: ನನ್ನ ಮಗಳು ಪ್ರಥಮ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಗೆಳತಿಯರ ನಡುವೆ ಇಂಗ್ಲಿಷ್ ಪ್ರೇಮಕಾದಂಬರಿಗಳು ಕೈಯಿಂದ ಕೈಗೆ ಓಡಾಡುತ್ತಿವೆ. ‘ಇಟ್ ಎಂಡ್ಸ್ ವಿತ್ ಅಸ್’ ಎಂಬ ಪುಸ್ತಕವನ್ನು ಅವಳ ಮೇಜಿನ ಮೇಲೆ ಕಂಡು ತೆರೆದು ನೋಡಿದೆ. ಕೆಲವು ಪುಟಗಳನ್ನು ಓದಿ ಗಾಬರಿಯಾಯಿತು. ಕಸಿದುಕೊಳ್ಳಲೇ, ಸುಮ್ಮನಿರಲೇ? ಅವಳಿಗೆ ಬೇರೆ ಏನು ಕೊಡಬಹುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕಸಿದುಕೊಳ್ಳಬೇಡಿ, ಸುಮ್ಮನೆಯೂ ಇರಬೇಡಿ, ನೀವೂ ಆ ಪುಸ್ತಕವನ್ನು ಪೂರ್ತಿ ಓದಿ. ಕಾಲೀನ್ ಹೂವರ್ ಅವರ ಈ ಕಾದಂಬರಿ 2016ರಲ್ಲಿ ಬಂದದ್ದು. ಅದರ ಹೊದಿಕೆಯ ಮೇಲಿನ ಹೂಗಳನ್ನು ನೋಡಿದರೆ, ಇನ್‌ಸ್ಟಾಗ್ರಾಂನ ರೀಲ್‌ಗಳಲ್ಲಿ ಹುಡುಗಿಯರು ಅದನ್ನು ಎದೆಗವಚಿಕೊಂಡು ಕಣ್ಣೀರಿಡುವುದನ್ನು ನೋಡಿದರೆ ಹದಿಹರೆಯದವರಿಗಾಗಿಯೇ ಬರೆದ ಪುಸ್ತಕವೆನಿಸುವುದು ಸಹಜ. ಆದರೆ ಅದು ವಯಸ್ಕರಿಗಾಗಿ ಬರೆದ ಕಾದಂಬರಿ. ಬಾಸ್ಟನ್ ನಗರದಲ್ಲಿ ಹೂವಿನ ಅಂಗಡಿ ತೆರೆಯುವ ಲಿಲಿ ಎಂಬ ಯುವತಿ ರೈಲ್ ಎಂಬ ಶಸ್ತ್ರಚಿಕಿತ್ಸಕನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಅವನು ಅವಳ ಮೇಲೆ ಕೈ ಮಾಡುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತೆ ಕೈ ಮಾಡುತ್ತಾನೆ. ತನ್ನ ತಾಯಿ ಅನುಭವಿಸಿದ್ದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ ಲಿಲಿ, ತಾಯಿ ಏಕೆ ಆ ಮನೆ ಬಿಟ್ಟು ಹೊರಡಲಿಲ್ಲ ಎಂಬುದನ್ನು ತನ್ನದೇ ಸಂಸಾರದೊಳಗೆ ನಿಂತು ಅರ್ಥಮಾಡಿಕೊಳ್ಳುತ್ತಾಳೆ. ಮಗಳು ಹುಟ್ಟಿದ ಮೇಲೆ ಆ ದಾಂಪತ್ಯದಿಂದ ಹೊರಬರುವ ತೀರ್ಮಾನ ಮಾಡುತ್ತಾಳೆ. ತಮ್ಮ ತಾಯಿಯ ಬದುಕೇ ಈ ಕಥೆಯ ಹಿಂದಿದೆ ಎಂದು ಲೇಖಕಿ ಪುಸ್ತಕದ ಕೊನೆಯಲ್ಲಿ ಹೇಳಿಕೊಂಡಿದ್ದಾರೆ.

ನಿಮಗೆ ಗಾಬರಿ ತಂದ ಪುಟಗಳು ಬಹುಶಃ ಹಾಸಿಗೆಯ ಪ್ರಸಂಗಗಳಿರಬೇಕು. ಅವು ಹದಿನಾರರ ಹುಡುಗಿಗೆ ಬೇಕಿರಲಿಲ್ಲ ಎಂಬ ನಿಮ್ಮ ಭಾವನೆಯನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಹೆಚ್ಚಿನ ಆತಂಕ ಬೇರೆಡೆ ಇದೆ. ಹೊಡೆಯುವ ಗಂಡನೂ ಸುಂದರನಾಗಿ, ನೊಂದವನಾಗಿ, ಪಶ್ಚಾತ್ತಾಪ ಪಡುವವನಾಗಿ ಕಾದಂಬರಿಯಲ್ಲಿ ಬಹಳ ಹೊತ್ತು ಇರುತ್ತಾನೆ. ಪಕ್ವ ಓದುಗರು ಆ ಆಕರ್ಷಣೆಯನ್ನು ಲಿಲಿ ಸಿಕ್ಕಿಬಿದ್ದ ಬಲೆಯೆಂದು ಓದುತ್ತಾರೆ. ಅನುಭವವಿಲ್ಲದ ಓದುಗರು ಅದನ್ನೇ ಪ್ರೀತಿಯೆಂದು ಓದಿಬಿಡುವ ಅಪಾಯವಿದೆ. ಆದ್ದರಿಂದ ಮಗಳೊಡನೆ ಮಾತಾಡಬೇಕಾದ ವಿಷಯ ಇದು: ಯಾವ ಕ್ಷಣದಲ್ಲಿ ಲಿಲಿ ಹೊರಟುಬಿಡಬೇಕಿತ್ತು ಎಂದು ಅವಳಿಗೆ ಅನ್ನಿಸಿತು? ಅವಳ ಉತ್ತರವನ್ನು ಅಡ್ಡ ಮಾತಾಡದೆ ಕೇಳಿ. ಇಂಥ ಪ್ರಶ್ನೆಯನ್ನು ತಾಯಿ ತನಗೆ ಕೇಳಿದಳೆಂಬ ಸಂಗತಿಯನ್ನು ಹುಡುಗಿಯರು ಬಹುಕಾಲ ಮರೆಯುವುದಿಲ್ಲ.

ಇನ್ನು ಬೇರೆ ಪುಸ್ತಕಗಳ ಮಾತು. ಇಂಗ್ಲಿಷ್ ಪ್ರಕಾಶನದಲ್ಲಿ ‘ಯಂಗ್ ಅಡಲ್ಟ್’ ಎಂದು ಕರೆಯುವ ವರ್ಗ ಸಾಮಾನ್ಯವಾಗಿ 12ರಿಂದ 18ರ ಒಳಗಿನವರನ್ನು ಗಮನದಲ್ಲಿಟ್ಟುಕೊಂಡದ್ದು. ಕಥಾನಾಯಕ ಅಥವಾ ನಾಯಕಿಯೂ ಆ ಪ್ರಾಯದವರೇ ಆಗಿರುತ್ತಾರೆ. ಇದರಲ್ಲಿ ಜೆನ್ನಿ ಹಾನ್ ಅವರ ‘ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್’ ಕಾದಂಬರಿಯನ್ನು ನಿಸ್ಸಂಕೋಚವಾಗಿ ಕೊಡಬಹುದು. ಇದು 2014ರಲ್ಲಿ ಬಂದಿತು. 2015 ಮತ್ತು 2017ರಲ್ಲಿ ಮುಂದಿನ ಎರಡು ಭಾಗಗಳು ಬಂದವು. ಹದಿನಾರರ ಲಾರಾ ಜೀನ್ ತಾನು ಮನಸ್ಸಿನಲ್ಲೇ ಮೆಚ್ಚಿಕೊಂಡ ಹುಡುಗರಿಗೆ ಪತ್ರ ಬರೆದು ಕಳಿಸದೆ ಟೊಪ್ಪಿಗೆಯ ಪೆಟ್ಟಿಗೆಯೊಂದರಲ್ಲಿ ಮುಚ್ಚಿಟ್ಟಿರುತ್ತಾಳೆ. ಒಂದು ದಿನ ಆ ಪತ್ರಗಳೆಲ್ಲ ಅಂಚೆಯಲ್ಲಿ ಹೋಗಿ ಅವರವರಿಗೆ ತಲುಪಿಬಿಡುತ್ತವೆ. ಕಥೆಯ ಹಂದರ ಲಘುವಾದದ್ದು, ಆದರೆ ಅದರೊಳಗಿನ ಮನೆ ಲಘುವಾದದ್ದಲ್ಲ. ಕೊರಿಯನ್ ಮೂಲದ ತಾಯಿ ತೀರಿಕೊಂಡಿದ್ದಾಳೆ. ವೈದ್ಯನಾದ ತಂದೆ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಿದ್ದಾನೆ. ತಾಯಿಯ ಸ್ಥಾನದಲ್ಲಿ ನಿಂತು ಮನೆ ನೋಡಿಕೊಂಡ ಅಕ್ಕ ಓದಲು ದೂರದೇಶಕ್ಕೆ ಹೊರಟುಹೋಗುತ್ತಾಳೆ. ಆ ಮೇಲೆ ಮನೆಯ ಜವಾಬ್ದಾರಿಯನ್ನು ಹೊರುವ ಹುಡುಗಿ ಪ್ರೀತಿಗೂ ತಂಗಿಯ ಊಟದ ಡಬ್ಬಿಗೂ ಸಮನಾಗಿ ಗಮನ ಕೊಡುವ ರೀತಿ ನಮ್ಮ ಮನೆಗಳ ಹುಡುಗಿಯರಿಗೆ ಪರಕೀಯವೆನಿಸದು.

ಇದನ್ನು ಮುಗಿಸಿದ ಮೇಲೆ ನಿಕೋಲಾ ಯೂನ್ ಅವರ ‘ದ ಸನ್ ಈಸ್ ಆಲ್ಸೋ ಎ ಸ್ಟಾರ್’ (2016) ಕೊಡಿ. ನ್ಯೂಯಾರ್ಕ್ ನಗರದ ಒಂದೇ ದಿನದ ಕಥೆ. ಜಮೈಕಾದಿಂದ ಬಂದು ದಾಖಲೆಗಳಿಲ್ಲದೆ ನೆಲೆಸಿದ್ದ ನತಾಶಾಳ ಕುಟುಂಬವನ್ನು ಆ ರಾತ್ರಿಯೇ ದೇಶದಿಂದ ಹೊರಗೆ ಕಳಿಸಲಿದ್ದಾರೆ. ಅದನ್ನು ತಡೆಯಲು ಅವಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ ಡೇನಿಯಲ್ ಎಂಬ ಹುಡುಗನ ಪರಿಚಯವಾಗುತ್ತದೆ. ನತಾಶಾ ವಿಜ್ಞಾನವನ್ನು ನಂಬುವವಳು, ಅವನು ಕವಿತೆ ಬರೆಯುವವನು. ಒಂದು ದಿನದಲ್ಲಿ ಪ್ರೀತಿ ಹುಟ್ಟೀತೇ ಎಂಬ ಅನುಮಾನದಿಂದಲೇ ನಾನು ಓದಲು ಕುಳಿತೆ. ಆ ಅನುಮಾನವನ್ನು ಸ್ವತಃ ನತಾಶಾಳ ಬಾಯಿಂದಲೇ ಆಡಿಸಿ ಲೇಖಕಿ ಗೆದ್ದಿದ್ದಾರೆ.

ಪ್ರಶ್ನೆ: ನಮ್ಮ ಅಜ್ಜಿಯರ ಕಾಲದಿಂದಲೂ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ ಅವರನ್ನು ಓದಿದ ಮನೆ ನಮ್ಮದು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದವರು, ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೊಂದು ಕಾದಂಬರಿ ತಂದವರು ನಾವು. ಅದನ್ನೆಲ್ಲ ಅಡುಗೆಮನೆಯ ಸಾಹಿತ್ಯವೆಂದು ಹಗುರವಾಗಿ ಮಾತಾಡಿದವರನ್ನೂ ಕಂಡಿದ್ದೇನೆ. ಬೆಂಗಳೂರಿನಲ್ಲಿರುವ ಹದಿನೇಳು ವರ್ಷದ ಮೊಮ್ಮಗಳಿಗೆ ಅವುಗಳಲ್ಲಿ ಒಂದನ್ನು ಕೊಡಬೇಕೆಂದಿದ್ದೇನೆ. ಯಾವುದನ್ನು ಕೊಡಲಿ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಅಮ್ಮಾ, ತ್ರಿವೇಣಿಯವರ ‘ಬೆಳ್ಳಿಮೋಡ’ ಕೊಡಿ. ಈ ಉತ್ತರಕ್ಕೆ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ, ಏಕೆಂದರೆ ಈ ಅಂಕಣಕ್ಕಾಗಿ ಮತ್ತೆ ಓದಿದ ಪುಸ್ತಕಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದೇ. ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು ಇಂದಿರಾ. ಮೋಹನನೊಡನೆ ಅವಳ ಮದುವೆ ನಿಶ್ಚಯವಾಗುತ್ತದೆ; ಅವನು ಅವಳ ತಂದೆಯ ಹಣದಿಂದ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮನೊಬ್ಬ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಕೂಡಲೇ ಮೋಹನನ ಪ್ರೀತಿ ಹಿಂದೆ ಸರಿಯುತ್ತದೆ. ಮುಂದೆ ಅವನೇ ಅಪಘಾತಕ್ಕೀಡಾಗಿ ಅದೇ ಮನೆಯಲ್ಲಿ ಮಲಗಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ, ಅವನಿಗೆ ತನ್ನ ತಪ್ಪು ಅರಿವಾಗಿ ಮದುವೆಯ ಮಾತೆತ್ತುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ.

ಈ ಒಲ್ಲೆನೆನ್ನುವುದರಲ್ಲಿ ಕೋಪದ ಅಬ್ಬರವಿಲ್ಲ, ಸೇಡಿನ ಸುಖವೂ ಇಲ್ಲ. ಅವನ ಆರೈಕೆ ಮಾಡಿದ ಕೈಗಳೇ ಅವನನ್ನು ಬೇಡವೆನ್ನುತ್ತವೆ. ಓದುಗರೆಲ್ಲರೂ ಮದುವೆಯ ಊಟಕ್ಕೆ ಸಿದ್ಧರಾಗಿ ಕುಳಿತಿದ್ದ ಕಾಲದಲ್ಲಿ ತ್ರಿವೇಣಿ ಹೀಗೆ ಬರೆದರು. 1928ರಲ್ಲಿ ಹುಟ್ಟಿ 1963ರಲ್ಲಿ, ಇನ್ನೂ 34ನೇ ವಯಸ್ಸಿನಲ್ಲಿ ತೀರಿಕೊಂಡ ಈ ಲೇಖಕಿ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು 20 ಕಾದಂಬರಿಗಳನ್ನು ಕೊಟ್ಟರು. ‘ಬೆಳ್ಳಿಮೋಡ’ವನ್ನು 1967ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದರು, ಕಲ್ಪನಾ ಇಂದಿರಾಳಾದರು. ಚಿತ್ರ ನೋಡಿದ್ದೇವೆಂಬ ಕಾರಣಕ್ಕೆ ಕಾದಂಬರಿಯನ್ನು ಬಿಟ್ಟವರು ಬಹಳ. ಮೊಮ್ಮಗಳು ಮೊದಲು ಪುಸ್ತಕವನ್ನೇ ಓದಲಿ.

ಪ್ರೇಮಕಾದಂಬರಿಯನ್ನು ತೂಗಿ ನೋಡಲು ನಾನು ಬಳಸುವ ಅಳತೆಯೊಂದಿದೆ: ಕಥೆಯ ಕೊನೆಯ ತೀರ್ಮಾನ ಯಾರದು? ನಾಯಕಿಯ ಬದುಕನ್ನು ಕಾಕತಾಳೀಯವೋ ಕಾಯಿಲೆಯೋ ದೊಡ್ಡವರ ಆಣೆಯೋ ತೀರ್ಮಾನಿಸಿದರೆ ಆ ಕಾದಂಬರಿ ಎಷ್ಟು ಅಳಿಸಿದರೂ ನನ್ನೊಳಗೆ ಬಹಳ ಕಾಲ ಉಳಿಯುವುದಿಲ್ಲ. ಆಕೆ ತಾನೇ ಯೋಚಿಸಿ ತೀರ್ಮಾನಿಸಿದರೆ, ಆ ತೀರ್ಮಾನ ನನಗೆ ಒಪ್ಪಿಗೆಯಾಗದಿದ್ದರೂ ಉಳಿಯುತ್ತದೆ. ಆ ದೃಷ್ಟಿಯಿಂದ ನೋಡಿದರೆ ತ್ರಿವೇಣಿಯವರನ್ನು ಅಡುಗೆಮನೆಯ ಸಾಹಿತ್ಯವೆಂದವರು ಎರಡು ಕಡೆ ಅನ್ಯಾಯ ಮಾಡಿದ್ದಾರೆ. ಅವರನ್ನು ಸರಿಯಾಗಿ ಓದಲೂ ಇಲ್ಲ, ಅಡುಗೆಮನೆಯಲ್ಲಿ ಕುಳಿತು ಓದಿದವರ ಬುದ್ಧಿಯನ್ನು ಗೌರವಿಸಲೂ ಇಲ್ಲ.

‘ಬೆಳ್ಳಿಮೋಡ’ ಹಿಡಿಸಿದರೆ ‘ಹಣ್ಣೆಲೆ ಚಿಗುರಿದಾಗ’ ಓದಲಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳ ಓದು ಮತ್ತು ಮರುಮದುವೆಯ ಪ್ರಶ್ನೆಯನ್ನು ಆ ಕಾದಂಬರಿ ಬಹಳ ಸಮಾಧಾನದಿಂದ ಎತ್ತಿಕೊಳ್ಳುತ್ತದೆ. ‘ಶರಪಂಜರ’ವನ್ನು ಒಂದೆರಡು ವರ್ಷ ತಡೆದು ಕೊಡುವುದು ಒಳ್ಳೆಯದು. ಪ್ರೀತಿಸಿ ಮದುವೆಯಾದ ಕಾವೇರಿ ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ತುತ್ತಾಗಿ, ಗುಣವಾಗಿ ಮನೆಗೆ ಬಂದ ಮೇಲೂ ಸುತ್ತಲಿನವರು ಅವಳನ್ನು ಅನುಮಾನದ ಕಣ್ಣಿನಿಂದಲೇ ನೋಡುವ ಕಥೆಯದು. ಓದಿದವರನ್ನು ಅದು ದಿನಗಟ್ಟಲೆ ಕಾಡುತ್ತದೆ. ಉಷಾ ನವರತ್ನರಾಂ ಅವರ ‘ಬಂಧನ’ ಬಗ್ಗೆಯೂ ಒಂದು ಮಾತು. 1984ರ ಚಿತ್ರದಿಂದಾಗಿ ಹರೀಶ್ ಎಂಬ ವೈದ್ಯನ ಹೇಳಲಾಗದ ಪ್ರೀತಿ ನಾಡಿಗೆಲ್ಲ ಪರಿಚಿತ. ಅದು ನನಗೂ ಪ್ರಿಯವಾದ ಕಥೆ, ಆದರೆ ಮನಸ್ಸಿನ ಮಾತನ್ನು ಹೇಳದೆ ಕೊರಗುವುದೇ ಶ್ರೇಷ್ಠ ಪ್ರೀತಿಯೆಂಬ ಭಾವನೆಯನ್ನು ಅದು ಎಳೆಯರಲ್ಲಿ ಬಿತ್ತೀತು. ಓದಿದ ಮೇಲೆ ಮೊಮ್ಮಗಳೊಡನೆ ಆ ಬಗ್ಗೆ ಮಾತಾಡಿ. ಜೊತೆಗೆ ಈ ಕಾದಂಬರಿಗಳ ಲೋಕ ಹೆಚ್ಚಾಗಿ ಮೇಲ್ಜಾತಿಯ ಮಧ್ಯಮವರ್ಗದ ಮನೆಗಳೊಳಗೇ ಇದೆ ಎಂಬುದನ್ನೂ ಇಂದಿನ ಹುಡುಗಿ ಗಮನಿಸಿಯೇ ಗಮನಿಸುತ್ತಾಳೆ. ಅವಳು ಹಾಗೆ ಹೇಳಿದಾಗ ಬೇಸರಿಸಬೇಡಿ, ಅದು ಸರಿಯಾದ ಓದು.

ಪ್ರಶ್ನೆ: ಇಂಗ್ಲಿಷಿನಲ್ಲಿ ನನ್ನ ವಯಸ್ಸಿನವರಿಗೆಂದೇ ಸಾಲು ಸಾಲು ಕಾದಂಬರಿಗಳಿವೆ. ಕನ್ನಡದಲ್ಲಿ ಮಕ್ಕಳ ಕಥೆಯಿಂದ ನೇರವಾಗಿ ದೊಡ್ಡವರ ಕಾದಂಬರಿಗೆ ಹಾರಬೇಕೆ? ನಡುವೆ ಏನೂ ಇಲ್ಲವೆ? ಪ್ರೀತಿಯ ಕಥೆಯಿದ್ದರೆ ಇನ್ನೂ ಸಂತೋಷ.
— ಬಿ.ಎ. ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮ್ಮ ದೂರಿನಲ್ಲಿ ಹುರುಳಿದೆ. ಕನ್ನಡದಲ್ಲಿ ಹತ್ತರಿಂದ ಹದಿನಾಲ್ಕರವರೆಗಿನ ಮಕ್ಕಳ ಕಾದಂಬರಿ ಈಗ ಚೆನ್ನಾಗಿ ಬೆಳೆಯುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಎಂಬ ಕೃತಿಗಳಿಗೆ ಬಂತು. ಮೂರೂ ಮಕ್ಕಳ ಕಾದಂಬರಿಗಳೇ. ಆದರೆ ಆ ಮಕ್ಕಳು ಹದಿನೈದು ದಾಟಿದ ಮೇಲೆ, ಕಾಲೇಜು, ಹಾಸ್ಟೆಲ್ಲು, ಮೊದಲ ಪ್ರೀತಿ, ಜಾತಿಯ ಮೊದಲ ಪೆಟ್ಟು, ಸೀಟು ಸಿಗದ ಸೋಲು ಇವೆಲ್ಲ ಒಟ್ಟಿಗೆ ಎದುರಾಗುವ ಹೊತ್ತಿಗೆ, ಅವರನ್ನೇ ಉದ್ದೇಶಿಸಿ ಬರೆದ ಕಾದಂಬರಿಗಳು ನಮ್ಮಲ್ಲಿ ತೀರ ವಿರಳ. ಪ್ರಕಾಶಕರು ಈ ಓದುಗರನ್ನು ಪರೀಕ್ಷೆಯ ಗೈಡ್ ಕೊಳ್ಳುವವರೆಂದಷ್ಟೇ ಎಣಿಸಿದ್ದಾರೇನೋ ಎಂದು ನನಗೆ ನೋವಾಗುತ್ತದೆ. ಇಂಗ್ಲಿಷಿನಲ್ಲಿ ಈ ವರ್ಗಕ್ಕೆ ದಾರಿ ತೆರೆದ ಕಾದಂಬರಿಗಳಲ್ಲೊಂದಾದ ‘ದಿ ಔಟ್‌ಸೈಡರ್ಸ್’ (1967) ಬರೆಯಲು ಎಸ್.ಇ. ಹಿಂಟನ್ ತೊಡಗಿದಾಗ ಅವರಿನ್ನೂ ಹೈಸ್ಕೂಲ್ ವಿದ್ಯಾರ್ಥಿನಿ. ನಿಮ್ಮ ವಯಸ್ಸಿನವರ ಕಥೆಯನ್ನು ನಿಮ್ಮ ವಯಸ್ಸಿನವರೇ ಬರೆಯಲು ಅಡ್ಡಿಯೇನೂ ಇಲ್ಲ ಎಂಬುದನ್ನು ನೆನಪಿಸಲು ಇದನ್ನು ಹೇಳಿದೆ.

ಹೆಸರಿನ ಪಟ್ಟಿ ಅಂಟಿಸದಿದ್ದರೂ ನಿಮ್ಮ ವಯಸ್ಸಿಗೆ ಸಲ್ಲುವ ಪುಸ್ತಕಗಳು ಕನ್ನಡದಲ್ಲಿ ಇವೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನೂ ಕ್ರಮವಾಗಿ ಓದಿ. 1972ರ ಚಿತ್ರಕ್ಕೆ ಆಧಾರವಾದದ್ದು ಈ ಮೂರು ಕಾದಂಬರಿಗಳು. ಚಿತ್ರದುರ್ಗದ ರಾಮಾಚಾರಿಯ ಸಿಟ್ಟು, ಅವನ ಸ್ವಾಭಿಮಾನ, ಚಾಮಯ್ಯ ಮೇಷ್ಟ್ರ ಮೇಲಿನ ಅವನ ಭಕ್ತಿ, ಮೇಷ್ಟ್ರ ಮಾತಿಗಾಗಿಯೇ ಪ್ರೀತಿಯನ್ನು ಬಿಟ್ಟುಕೊಟ್ಟದ್ದರ ಪರಿಣಾಮ ಇವೆಲ್ಲ ಹದಿಹರೆಯದ ಕಾದಂಬರಿಯ ತಿರುಳೇ ಆಗಿವೆ. ಹಿಂದಿನ ಉತ್ತರದಲ್ಲಿ ಹೇಳಿದ ಅಳತೆಯನ್ನು ಇಲ್ಲಿಗೂ ತನ್ನಿ: ರಾಮಾಚಾರಿಯ ಬದುಕಿನ ತೀರ್ಮಾನವನ್ನು ಒಳ್ಳೆಯ ಮನಸ್ಸಿನ ಹಿರಿಯರೊಬ್ಬರು ಮಾಡುತ್ತಾರೆ, ಅದರ ಬೆಲೆಯನ್ನು ತೆರುವವರು ಕಿರಿಯರು. ಹಿರಿಯರ ಒಳ್ಳೆಯತನವೂ ಎಷ್ಟು ಹಾನಿ ಮಾಡಬಲ್ಲದೆಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕಥೆ ನಮ್ಮಲ್ಲಿ ಹೆಚ್ಚಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಗಾತ್ರ ನೋಡಿ ಹಿಂಜರಿಯಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಆ ಕಾದಂಬರಿಯನ್ನು ದೊಡ್ಡವರು ದರ್ಶನ, ಮಹಾಕಾವ್ಯದ ಹರಹು ಎಂದೆಲ್ಲ ವಿವರಿಸುತ್ತಾರೆ, ಅದೆಲ್ಲ ನಿಜವೇ. ಆದರೆ ಮೊದಲ ಓದಿಗೆ ಅದನ್ನು ಪ್ರೀತಿಸಿದವರು ಕಾಡಿನಲ್ಲಿ ದಾರಿ ಹುಡುಕುವ ಕಥೆಯಾಗಿ ಹಿಡಿಯಿರಿ. ಹುಲಿಯ ಎಂಬ ನಾಯಿಯನ್ನು ಕಟ್ಟಿಕೊಂಡು, ತಾನು ಮೆಚ್ಚಿದ ತಿಮ್ಮಿಯನ್ನು ಕರೆತರಲು ಹೊರಟ ಜೀತದಾಳು ಗುತ್ತಿಯ ಹಿಂದೆಯೇ ನೀವೂ ನಡೆಯಿರಿ. ಒಲ್ಲದ ಮದುವೆಯನ್ನು ತಪ್ಪಿಸಿಕೊಂಡು ಕತ್ತಲಲ್ಲಿ ಕಾಡಿಗೆ ಓಡುವ ಹೂವಳ್ಳಿ ಚಿನ್ನಮ್ಮ, ಅವಳಿಗಾಗಿ ಕಾಯುವ ಮುಕುಂದಯ್ಯ, ಅವರಿಗೆ ನೆರವಾಗುವ ಐತ ಮತ್ತು ಪೀಂಚಲು ಎಂಬ ಕೂಲಿಯ ದಂಪತಿ. ಒಡೆಯರ ಪ್ರೀತಿಗೂ ಆಳುಗಳ ಪ್ರೀತಿಗೂ ಲೇಖಕರು ಒಂದೇ ಗೌರವ ಕೊಟ್ಟಿದ್ದಾರೆ. ಐತ ಮತ್ತು ಪೀಂಚಲುವಿನ ದಾಂಪತ್ಯದಷ್ಟು ನವಿರಾದ ಪ್ರಣಯ ಕನ್ನಡದ ಬೇರೆ ಕಾದಂಬರಿಯಲ್ಲಿ ನನಗೆ ಸಿಕ್ಕಿಲ್ಲ.

ಪೂರ್ಣಚಂದ್ರ ತೇಜಸ್ವಿಯವರಿಂದ ಶುರು ಮಾಡುವುದಾದರೆ ಹಾರುವ ಓತಿಯ ಬೆನ್ನುಹತ್ತಿದ ‘ಕರ್ವಾಲೊ’ (1980) ಮೊದಲು, ಆಮೇಲೆ ‘ಚಿದಂಬರ ರಹಸ್ಯ’. ಎರಡನೆಯದರಲ್ಲಿ ಕೆಸರೂರು ಎಂಬ ಊರು ಏಲಕ್ಕಿಯ ವಹಿವಾಟು, ಮತದ್ವೇಷ, ಪುಢಾರಿಗಳ ಜಗಳಗಳಲ್ಲಿ ಕೊಳೆಯುತ್ತಿರುವಾಗ, ಕಾಲೇಜು ಓದುವ ರಫಿ ಮತ್ತು ಜಯಂತಿ ಪ್ರೀತಿಸುತ್ತಾರೆ. ಊರಿನ ದ್ವೇಷ ಈ ಇಬ್ಬರ ಸುತ್ತ ಹೇಗೆ ಬೆಂಕಿಯಾಗಿ ಹಬ್ಬುತ್ತದೆ ಎಂಬುದನ್ನು ಓದಿದಾಗ ಅದು 1985ರ ಪುಸ್ತಕವೆಂಬುದು ಮರೆತುಹೋಗುತ್ತದೆ.

ಪ್ರಶ್ನೆ: ಮೇಡಂ, ಸಾವಿಲ್ಲದ ಒಂದು ಪ್ರೇಮಕಥೆ ಹೇಳಿ. ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಓದಿ ಎರಡು ದಿನ ಊಟ ಸೇರಲಿಲ್ಲ.
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು. ಜಾನ್ ಗ್ರೀನ್ ಅವರ ಆ ಕಾದಂಬರಿಯಲ್ಲಿ (2012) ಕ್ಯಾನ್ಸರ್ ಇರುವ ಇಬ್ಬರು ಮಕ್ಕಳು ಸಾಯುವವರಾಗಿ ಅಲ್ಲದೆ ಬದುಕುತ್ತಿರುವವರಾಗಿ ಕಾಣುತ್ತಾರೆ. ಅದಕ್ಕೇ ಅಗಲಿಕೆ ಅಷ್ಟು ನೋಯಿಸುತ್ತದೆ.

ನಿಮಗೆ ನಾನು ಡೋಡಿ ಸ್ಮಿತ್ ಅವರ ‘ಐ ಕ್ಯಾಪ್ಚರ್ ದ ಕ್ಯಾಸಲ್’ ಸೂಚಿಸುತ್ತೇನೆ. 1948ರ ಕಾದಂಬರಿ, ಆದರೆ ನಿಮ್ಮ ವಯಸ್ಸಿನ ಹುಡುಗಿಯ ದಿನಚರಿ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಪಾಳುಬಿದ್ದ ಕೋಟೆಮನೆಯೊಂದರಲ್ಲಿ ಕಡುಬಡತನದಿಂದ ಬದುಕುವ ಕುಟುಂಬ. ಒಂದು ಒಳ್ಳೆಯ ಪುಸ್ತಕ ಬರೆದು ಆಮೇಲೆ ಏನನ್ನೂ ಬರೆಯಲಾಗದೆ ಕುಳಿತ ತಂದೆ. ಶ್ರೀಮಂತನನ್ನು ಮದುವೆಯಾಗಿಯಾದರೂ ಈ ಬಡತನದಿಂದ ಪಾರಾಗಬೇಕೆನ್ನುವ ಅಕ್ಕ ರೋಸ್. ಹದಿನೇಳರ ಕಸಾಂಡ್ರಾ ಮೂರು ನೋಟುಬುಕ್ಕುಗಳಲ್ಲಿ ಇದನ್ನೆಲ್ಲ ಬರೆಯುತ್ತಾಳೆ. ಮೊದಲನೆಯದು ಆರು ಪೆನ್ನಿಯ ಅಗ್ಗದ ಪುಸ್ತಕ, ಎರಡನೆಯದು ಒಂದು ಶಿಲ್ಲಿಂಗಿನದು, ಮೂರನೆಯದು ಎರಡು ಗಿನಿಯ ದುಬಾರಿ ಪುಸ್ತಕ. ಮನೆಯ ಸ್ಥಿತಿ ಬದಲಾದದ್ದು ಅವುಗಳ ಬೆಲೆಯಲ್ಲೇ ತಿಳಿಯುತ್ತದೆ. ನೆರೆಗೆ ಬಂದ ಅಮೆರಿಕದ ಸೋದರರಲ್ಲಿ ಒಬ್ಬನನ್ನು ಅವಳೂ ಮೆಚ್ಚುತ್ತಾಳೆ. ಕೊನೆಗೆ ಮದುವೆಯ ಮಾತು ಅವನ ತುಟಿಯವರೆಗೆ ಬಂದಾಗ ಅವಳೇ ಅದನ್ನು ತಡೆಯುತ್ತಾಳೆ. ಕಾರಣವನ್ನು ನೀವೇ ಓದಿ ತಿಳಿಯಿರಿ. ಇದರಲ್ಲಿ ಯಾರೂ ಕಣ್ಮುಂದೆ ಸಾಯುವುದಿಲ್ಲ, ಆದರೂ ಕೊನೆಯ ಪುಟಗಳು ಸುಲಭವಾಗಿ ಬಿಡುವುದಿಲ್ಲ. ಊಟ ಮಾತ್ರ ಖಂಡಿತ ಸೇರುತ್ತದೆ.

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿದ್ದೇವೆ. ಮಗನಿಗೆ ಹದಿನಾರು. ಕನ್ನಡ ಮಾತಾಡುತ್ತಾನೆ, ಓದಲು ಬಾರದು. ನಮ್ಮ ಕಡೆಯ ಬದುಕು ಕಾಣುವಂಥ, ಅವನ ವಯಸ್ಸಿಗೆ ಒಪ್ಪುವ ಪ್ರೀತಿಯ ಕಥೆಗಳನ್ನು ಇಂಗ್ಲಿಷಿನಲ್ಲಿ ಸೂಚಿಸುವಿರಾ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಮೊದಲಿಗೆ ಬೆಂಗಳೂರಿನ ಲೇಖಕಿ ಅಂದಲೀಬ್ ವಾಜಿದ್ ಅವರ ‘ಅಸ್ಮಾರಾಸ್ ಸಮ್ಮರ್’ (2016). ಬೆಂಗಳೂರಿನ ಸಿರಿವಂತ ಬಡಾವಣೆಯ ಹುಡುಗಿ ಅಸ್ಮಾರಾ ಟ್ಯಾನರಿ ರಸ್ತೆಯ ಅಜ್ಜಿಯ ಮನೆಯಲ್ಲಿ ಬೇಸಿಗೆ ಕಳೆಯಬೇಕಾಗುತ್ತದೆ. ಆ ವಠಾರದ ನಂಟು ತನಗಿದೆಯೆಂದು ಗೆಳತಿಯರಿಗೆ ತಿಳಿದರೆ ಅವಮಾನವೆಂದು ಮುಜುಗರಪಡುವ ಅವಳು, ಅಲ್ಲಿಯ ಮಂದಿಯನ್ನೂ ನೆರೆಮನೆಯ ಹುಡುಗನನ್ನೂ ತಿಳಿಯುತ್ತಾ ತನ್ನ ಮುಜುಗರಕ್ಕೇ ನಾಚಿಕೊಳ್ಳುತ್ತಾಳೆ. ಬೆಂಗಳೂರಿನ ಮುಸ್ಲಿಂ ಮಧ್ಯಮವರ್ಗದ ಮನೆಗಳು, ಅವುಗಳ ಊಟ, ಮಾತು, ಮದುವೆಯ ಸಡಗರ ಇಷ್ಟು ಸಹಜವಾಗಿ ಬಂದ ಹದಿಹರೆಯದ ಕಾದಂಬರಿ ಅಪರೂಪ.

ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ (2017) ನಿಮ್ಮ ಮಗನಿಗೆ ಇನ್ನೂ ಹತ್ತಿರವಾದೀತು. ಎರಡು ಭಾರತೀಯ ಕುಟುಂಬಗಳು ತಮ್ಮ ಮಕ್ಕಳ ಮದುವೆಯ ಆಸೆಯಿಟ್ಟುಕೊಂಡು ಇಬ್ಬರನ್ನೂ ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆ ಶಿಬಿರವೊಂದಕ್ಕೆ ಕಳಿಸುತ್ತವೆ. ಹುಡುಗನಿಗೆ ವಿಷಯ ಗೊತ್ತು, ಹುಡುಗಿಗೆ ಗೊತ್ತಿಲ್ಲ. ಅಪರಿಚಿತನೊಬ್ಬ ಎದುರು ಬಂದು ಭಾವಿ ಪತ್ನಿಯೆಂದು ನಗುತ್ತಾ ಮಾತಾಡಿಸಿದಾಗ ಡಿಂಪಲ್ ತಣ್ಣನೆಯ ಕಾಫಿಯನ್ನು ಅವನ ಮೇಲೆ ಎರಚುತ್ತಾಳೆ. ಮನೆಯವರು ನಿಶ್ಚಯಿಸುವ ಮದುವೆಯನ್ನು ಹೀಗಳೆಯದೆ, ವೈಭವೀಕರಿಸದೆ ಈ ಕಾದಂಬರಿ ಆ ಇಬ್ಬರು ಮಕ್ಕಳ ವಾದವನ್ನೂ ಪೂರ್ತಿ ಕೇಳುತ್ತದೆ.

ಮತ್ತೊಂದು ರಸ್ಕಿನ್ ಬಾಂಡ್ ಅವರ ‘ದ ರೂಮ್ ಆನ್ ದ ರೂಫ್’ (1956). ಲೇಖಕರು ಇದನ್ನು ಬರೆಯುವಾಗ ಅವರಿಗೆ ಹದಿನೇಳು ವರ್ಷ. 1957ರಲ್ಲಿ ಇದಕ್ಕೆ ಜಾನ್ ಲೆವೆಲಿನ್ ರೀಸ್ ಪ್ರಶಸ್ತಿ ಬಂತು. ಬೆತ್ತ ಹಿಡಿದ ಪಾಲಕನ ಮನೆಯಿಂದ ಓಡಿಹೋಗುವ ಆಂಗ್ಲೋ ಇಂಡಿಯನ್ ಹುಡುಗ ರಸ್ಟಿ, ಡೆಹರಾಡೂನಿನ ಬೀದಿಗಳಲ್ಲಿ ಗೆಳೆಯರನ್ನೂ ಹೋಳಿಯ ಬಣ್ಣವನ್ನೂ ಒಲವಿನ ಮೊದಲ ತಳಮಳವನ್ನೂ ಕಾಣುವ ಕಥೆ. ಗೆಳೆಯನ ತಾಯಿಯ ಮೇಲೆ ಅವನಿಗೆ ಮನಸ್ಸಾಗುತ್ತದೆ ಎಂಬುದನ್ನು ನಿಮಗೆ ಮೊದಲೇ ತಿಳಿಸಿರುತ್ತೇನೆ. ಬಹಳ ಸೂಕ್ಷ್ಮವಾಗಿ ಬರೆದ ಭಾಗವದು.

ಕನ್ನಡದಿಂದ ಹೋದವುಗಳಲ್ಲಿ ವನಮಾಲಾ ವಿಶ್ವನಾಥ ಅವರು ಅನುವಾದಿಸಿದ ‘ಬ್ರೈಡ್ ಇನ್ ದ ಹಿಲ್ಸ್’, ಅಂದರೆ ‘ಮಲೆಗಳಲ್ಲಿ ಮದುಮಗಳು’, ಈಗ ಸಿಗುತ್ತದೆ. ಕಾದಂಬರಿಯಲ್ಲದಿದ್ದರೂ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಅನುವಾದಿಸಿರುವ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಸಂಕಲನವನ್ನೂ ತರಿಸಿಕೊಳ್ಳಿ. 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಪಡೆದ ಪುಸ್ತಕವದು. ಶೀರ್ಷಿಕೆಯ ಕಥೆಯಲ್ಲಿ ಪೋಪಟ್ ಮತ್ತು ಅಸಾವರಿ ಎಂಬ ಬಡ ಜೋಡಿ ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಾವೇ ಕುಳಿತು ರೂಪಿಸುತ್ತಾರೆ. ಹಿಂದೆ ಮುಂದೆ ಹೆಸರು ಹಾಕಿಸಲು ಬಂಧುಗಳಿಲ್ಲದವರು ಕರೆಯೋಲೆಯಲ್ಲಿ ಏನನ್ನು ಅಚ್ಚು ಹಾಕಿಸಬೇಕು ಎಂಬ ಪ್ರಶ್ನೆಯಿಂದಲೇ ಇಡೀ ನಗರದ ಏಕಾಂತ ತೆರೆದುಕೊಳ್ಳುತ್ತದೆ. ಮಗ ಇಂಗ್ಲಿಷಿನಲ್ಲಿ ಓದಲಿ, ನೀವು ಅದೇ ಕಥೆಯನ್ನು ಅವನಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಪ್ರಶ್ನೆ: ನಾನು ಮೂವತ್ತು ದಾಟಿದ ಗಂಡಸು. ಪ್ರೇಮಕಾದಂಬರಿ ಓದುತ್ತೇನೆಂದರೆ ಸಹೋದ್ಯೋಗಿಗಳು ನಗುತ್ತಾರೆ. ನನ್ನಂಥವರಿಗೆ ಏನಿದೆ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಜೇನ್ ಆಸ್ಟೆನ್ ಅವರ ‘ಪರ್ಸುಯೇಷನ್’. 1817ರ ಜುಲೈಯಲ್ಲಿ ಅವರು ತೀರಿಕೊಂಡರು, ಕಾದಂಬರಿ ಅದೇ ವರ್ಷದ ಕೊನೆಗೆ ಬೆಳಕು ಕಂಡಿತು. ಹಿತೈಷಿಯೊಬ್ಬರ ಮಾತಿಗೆ ಕಟ್ಟುಬಿದ್ದು ಒಲಿದವನನ್ನು ಬಿಟ್ಟುಕೊಟ್ಟ ಆನ್, ಎಂಟು ವರ್ಷಗಳ ನಂತರ ತನ್ನ 27ನೇ ವಯಸ್ಸಿನಲ್ಲಿ ಅವನನ್ನು ಮತ್ತೆ ಎದುರುಗೊಳ್ಳುತ್ತಾಳೆ. ರಾಮಾಚಾರಿಯ ಕಥೆಯ ಗಂಟೇ ಇಲ್ಲಿಯೂ ಇದೆ, ಆದರೆ ಇಲ್ಲಿ ಎರಡನೆಯ ಅವಕಾಶ ಸಿಗುತ್ತದೆ. ಕೊನೆಯಲ್ಲಿ ಕ್ಯಾಪ್ಟನ್ ವೆಂಟ್‌ವರ್ತ್ ಬರೆಯುವ ಪತ್ರವನ್ನು ನಕ್ಕ ಸಹೋದ್ಯೋಗಿಗಳಿಗೂ ಓದಲು ಕೊಡಿ.

ಭಾರತೀಯ ಭಾಷೆಗಳಲ್ಲಿ ವೈಕಂ ಮುಹಮ್ಮದ್ ಬಷೀರರ ಮಲಯಾಳಂ ಕಾದಂಬರಿ ‘ಬಾಲ್ಯಕಾಲಸಖಿ’ (1944). ತೆಳ್ಳಗಿನ ಪುಸ್ತಕ. ಒಂದೂ ಒಂದೂ ಕೂಡಿದರೆ ಎಷ್ಟು ಎಂದು ಮಾಸ್ತರರು ಕೇಳಿದಾಗ ಮಜೀದ್ ಎಂಬ ಹುಡುಗ, ಎರಡು ಹೊಳೆಗಳು ಕೂಡಿ ಒಂದು ದೊಡ್ಡ ಹೊಳೆಯಾಗುವುದನ್ನು ಕಂಡಿದ್ದವನು, ಕೊಂಚ ದೊಡ್ಡದಾದ ಒಂದು ಎನ್ನುತ್ತಾನೆ. ಅವನೂ ಸುಹರಾಳೂ ಆ ಲೆಕ್ಕವನ್ನೇ ನಂಬಿ ಬೆಳೆಯುತ್ತಾರೆ; ಬಡತನ ಅದನ್ನು ಒಪ್ಪುವುದಿಲ್ಲ. ಕಾರವಾರದ ವಿದ್ಯಾರ್ಥಿನಿ ಇದನ್ನು ಸದ್ಯಕ್ಕೆ ಓದದಿರಲಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಗ್ರಂಥಾಲಯಕ್ಕೆ ಅಲ್ಪ ಅನುದಾನ ಬಂದಿದೆ. ಪ್ರೀತಿ ಪ್ರೇಮದ ಪುಸ್ತಕ ತಂದರೆ ಪೋಷಕರು ಆಕ್ಷೇಪಿಸಬಹುದೆಂಬ ಅಳುಕಿದೆ. ಏನು ಮಾಡಲಿ?
— ಕನ್ನಡ ಅಧ್ಯಾಪಕರು, ಶಿರಸಿ

ಉತ್ತರ: ಮೇಷ್ಟ್ರೇ, ಮೊದಲ ಖರೀದಿಯಲ್ಲಿ ಮೇಲೆ ಹೇಳಿದ ಮೂರು ಪುರಸ್ಕೃತ ಮಕ್ಕಳ ಕಾದಂಬರಿಗಳು, ‘ಕರ್ವಾಲೊ’, ತೇಜಸ್ವಿಯವರದೇ ‘ಪರಿಸರದ ಕಥೆ’ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ತಂದಿರುವ ತೆತ್ಸುಕೊ ಕುರೊಯನಾಗಿಯವರ ‘ತೊತ್ತೊ ಚಾನ್’ ಇರಲಿ. ಹತ್ತನೆಯ ತರಗತಿಯವರಿಗೆಂದು ‘ಬೆಳ್ಳಿಮೋಡ’ವನ್ನೂ ‘ನಾಗರಹಾವು’ ಸರಣಿಯನ್ನೂ ಸೇರಿಸಿ. ಪ್ರತಿಯೊಂದರಿಂದಲೂ ಒಂದೇ ಪ್ರತಿಯನ್ನು ತರುವ ಬದಲು, ಪುಸ್ತಕಗಳ ಸಂಖ್ಯೆ ಕಡಿಮೆಯಾದರೂ ಸರಿ, ಒಂದೊಂದರ ಮೂರು ನಾಲ್ಕು ಪ್ರತಿಗಳನ್ನು ತನ್ನಿ. ಜೊತೆಯವರು ಅದೇ ವಾರ ಅದೇ ಪುಸ್ತಕ ಓದುತ್ತಿದ್ದರೆ ಮಕ್ಕಳು ತಾವಾಗಿಯೇ ಚರ್ಚೆಗಿಳಿಯುತ್ತಾರೆ, ಓದದವರಿಗೂ ಆಸೆ ಹುಟ್ಟುತ್ತದೆ. ಬೀರುವಿನ ಕೀಲಿಯನ್ನು ಅಧ್ಯಾಪಕರ ಕೊಠಡಿಯಲ್ಲಿಡದೆ, ಪುಸ್ತಕ ಕೊಡುವ ವಹಿಯನ್ನು ಇಬ್ಬರು ಮಕ್ಕಳ ಕೈಗೇ ಒಪ್ಪಿಸಿ.

ಆಕ್ಷೇಪಿಸುವ ಪೋಷಕರನ್ನು ಶಾಲೆಗೆ ಕರೆದು ‘ಬೆಳ್ಳಿಮೋಡ’ದ ಒಂದು ಪ್ರತಿಯನ್ನು ಅವರಿಗೇ ಎರವಲು ಕೊಡಿ. ಅವರಲ್ಲಿ ಹಲವರು, ಅದರಲ್ಲೂ ತಾಯಂದಿರು, ಅದನ್ನು ಈ ಮೊದಲೇ ಓದಿರುತ್ತಾರೆ.